ಟೋಬಾ: ಒಳಗೆ ಬರೋಕೆ ನೂರು ದಾರಿ, ಹೊರಗೆ ಹೋಗೋಕೆ ಒಂದೇ

ಎಲ್ಲರಿಗೂ ನಮಸ್ಕಾರ. ಸಿಂಗಾಪುರದಲ್ಲಿರೋ ನಮಗೆ ಇಂಡೋನೇಷ್ಯಾದ ಸುಮಾತ್ರ ಅಂದ ತಕ್ಷಣ ನೆನಪಾಗೋದು ಹೇಜ್, ಅಲ್ಲಿ ಕಾಡು ಸುಟ್ಟಾಗ ಇಲ್ಲಿಗೆ ತೇಲಿ ಬರೋ ಹೊಗೆ. 2013ರ ಜೂನ್‌ನಲ್ಲಿ ಪಿಎಸ್‌ಐ (ಇಲ್ಲಿನ ವಾಯುಮಾಲಿನ್ಯದ ಸೂಚ್ಯಂಕ) 401ಕ್ಕೆ ಹೋಗಿದ್ದು, ಮಾಸ್ಕ್ ಸಿಗದೆ ಪರದಾಡಿದ್ದು ಆಗ ಇಲ್ಲಿದ್ದವರು ಯಾರೂ ಮರೆತಿರಲ್ಲ. ಅದು ಬಿಟ್ರೆ ಪಕ್ಕದಲ್ಲೇ ಇರೋ ಅಷ್ಟು ದೊಡ್ಡ ದ್ವೀಪದ ಬಗ್ಗೆ ನಮಗೆ ಗೊತ್ತಿರೋದು ಅಷ್ಟಕ್ಕಷ್ಟೇ. ಈ ಸಲ ಡಿಸೆಂಬರ್ ರಜಕ್ಕೆ ನಮ್ಮ ಕೂಟದ ಸುಮಾರು ಕುಟುಂಬಗಳು ಅಲ್ಲಿನ ಟೋಬಾ ಸರೋವರಕ್ಕೆ ಹೊರಟಿವೆ ಅಂತ ಗೊತ್ತಾಯ್ತು, ಅದರ ಬೆನ್ನಿಗೇ ವಾಟ್ಸಾಪ್ ಗ್ರೂಪಲ್ಲಿ "ಮನುಷ್ಯ ಕುಲವನ್ನೇ ಅಳಿಸಿಹಾಕೋಕೆ ಹೊರಟಿದ್ದ ಜ್ವಾಲಾಮುಖಿ" ಅಂತ ಫಾರ್ವರ್ಡ್‌ಗಳು ಶುರು. ಸರಿ, ಈ ಸಂಚಿಕೆಯ ಸಂಪಾದಕೀಯ ಅದರ ಬಗ್ಗೆನೇ ಇರ್ಲಿ ಅಂತ ಕೂತಿದೀನಿ.

ಮೊದಲು ಸೈಜು ಹೇಳ್ಬಿಡ್ತೀನಿ, ಯಾಕಂದ್ರೆ ಫೋಟೋದಲ್ಲಿ ಅದು ಗೊತ್ತೇ ಆಗಲ್ಲ. ಉದ್ದ ಹತ್ತತ್ರ 100 ಕಿಲೋಮೀಟರ್, ಅಗಲ 30, ಆಳ 500 ಮೀಟರ್ ದಾಟುತ್ತೆ, ನೀರಿನ ವಿಸ್ತೀರ್ಣ 1,100 ಚದರ ಕಿಲೋಮೀಟರ್‌ಗಿಂತ ಜಾಸ್ತಿ. ಅಂದ್ರೆ ನಾವಿರೋ ಇಡೀ ಸಿಂಗಾಪುರನ ಎತ್ತಿ ಒಳಗಿಟ್ರೂ ಸುತ್ತ ದೋಣಿ ಓಡಾಡೋಷ್ಟು ಜಾಗ ಉಳಿಯುತ್ತೆ. ನಿಜ ಹೇಳ್ಬೇಕಂದ್ರೆ ಆ ಕೆಲಸ ಪ್ರಕೃತಿ ಆಗ್ಲೇ ಮಾಡಿದೆ, ಮಧ್ಯದಲ್ಲಿರೋ ಸಮೋಸಿರ್ ದ್ವೀಪ ಸಿಂಗಾಪುರಕ್ಕಿಂತ ಸ್ವಲ್ಪವೇ ಚಿಕ್ಕದು. ಪಶ್ಚಿಮದ ಕಡೆ ಅದು ಒಂದು ಸಣ್ಣ ನೆಲದ ಪಟ್ಟಿಯಿಂದ ದಡಕ್ಕೆ ಅಂಟಿಕೊಂಡಿತ್ತು, ಡಚ್ಚರ ಕಾಲದಲ್ಲಿ ಅಲ್ಲೊಂದು ಕಾಲುವೆ ತೋಡಿದ್ಮೇಲೆ ಪೂರ್ತಿ ದ್ವೀಪ ಆಯ್ತು. ಆ ದ್ವೀಪದ ಮೇಲೆ ಸಿದಿಹೊನಿ ಅಂತ ಇನ್ನೊಂದು ಪುಟ್ಟ ಕೆರೆ ಇದೆ. ದ್ವೀಪದೊಳಗಿನ ಸರೋವರ, ಸರೋವರದೊಳಗಿನ ದ್ವೀಪ, ಆ ದ್ವೀಪದೊಳಗೆ ಕೆರೆ, ಮಕ್ಕಳಿಗೆ ಕ್ವಿಜ್‌ಗೆ ಇಟ್ಕೊಳ್ಳಿ.

ಇದು ಹೇಗೆ ಆಯ್ತು ಅಂದ್ರೆ, ಸುಮಾರು 74,000 ವರ್ಷದ ಹಿಂದೆ ಇಲ್ಲಿ ನೆಲದಡಿ ಇದ್ದ ಶಿಲಾಪಾಕ (ಕರಗಿದ ಕಲ್ಲು) ಒಂದೇ ಸಲಕ್ಕೆ ಹೊರಗೆ ಬಂತು, ಅಂದಾಜು 2,800 ಘನ ಕಿಲೋಮೀಟರ್. ಒಳಗೆ ಖಾಲಿ ಆದಾಗ ಮೇಲಿನ ನೆಲಕ್ಕೆ ಆಧಾರ ಎಲ್ಲಿ, ಉಬ್ಬಿದ ಪೂರಿನ ಬೆರಳಲ್ಲಿ ಒತ್ತಿದಂಗೆ ಕುಸಿದು ಕೂತ್ಕೊಳ್ತು, ಆಮೇಲೆ ನಿಧಾನಕ್ಕೆ ಮಳೆ ನೀರು ತುಂಬ್ತು. ಇದನ್ನ ಕ್ಯಾಲ್ಡೆರಾ ಅಂತಾರೆ. ಬೆಟ್ಟದ ತುದಿಲಿ ಬಾಯಿ ತೆರ್ಕೊಂಡಿರುತ್ತಲ್ಲ ಆ ಥರದ್ದಲ್ಲ, ಅದಕ್ಕೇ ಹೋದವರು ಎಷ್ಟೋ ಜನ "ಜ್ವಾಲಾಮುಖಿ ಎಲ್ಲಿದೆ?" ಅಂತ ಕೇಳ್ತಾರೆ, ಅದರ ಒಳಗೇ ಹೋಟೆಲ್ ರೂಮ್ ಮಾಡಿರ್ತಾರೆ! ಇದು ಅಗ್ನಿಪರ್ವತದ ಕೆಲಸ ಅಂತ 1939ರಲ್ಲಿ ಗುರುತಿಸಿ ಬರೆದಿದ್ದು ವಾನ್ ಬೆಮ್ಮೆಲೆನ್ ಅನ್ನೋ ಡಚ್ ಭೂವಿಜ್ಞಾನಿ, ಅಲ್ಲಿವರೆಗೂ ಇಷ್ಟು ದೊಡ್ಡದಕ್ಕೆ ಕಾರಣ ಒಂದೇ ಸ್ಫೋಟ ಇರಬಹುದು ಅಂತ ಹೊಳೆಯೋದೂ ಕಷ್ಟವೇ ಇತ್ತೇನೋ. ಸ್ಫೋಟ ಆದ್ಮೇಲೂ ಕೆಳಗಿನ ಒತ್ತಡ ಸುಮ್ನೆ ಕೂತಿಲ್ಲ, ತಳನ ಮತ್ತೆ ಮೇಲಕ್ಕೆ ತಳ್ತು, ಹಂಗೆ ಎದ್ದಿದ್ದೇ ಸಮೋಸಿರ್. ಒಂದು ಕಾಲದಲ್ಲಿ ಸರೋವರದ ತಳದಲ್ಲಿ ಕೂತಿದ್ದ ಹೂಳಿನ ಪದರಗಳು ಇವತ್ತು ಆ ದ್ವೀಪದ ಗುಡ್ಡಗಳ ಮೇಲೆ ಒಣಗಿಕೊಂಡು ಕಾಣ್ತವೆ. ಇಷ್ಟಕ್ಕೆಲ್ಲ ಮೂಲ, ಹಿಂದೂ ಮಹಾಸಾಗರದ ತಳದ ಫಲಕ ಸುಮಾತ್ರದ ಅಡಿಗೆ ನುಗ್ತಾ ಇರೋದು, 2004ರ ಸುನಾಮಿ ಎಬ್ಬಿಸಿದ ಭೂಕಂಪಕ್ಕೂ ಅದೇ ಕಾರಣ. ಟೋಬಾ ಸದ್ಯಕ್ಕೆ ಶಾಂತ, ಆದ್ರೆ ಉತ್ತರಕ್ಕೆ ಪಕ್ಕದಲ್ಲೇ ಇರೋ ಸಿನಬುಂಗ್ ಜ್ವಾಲಾಮುಖಿ ಶತಮಾನಗಳ ಕಾಲ ಮಲಗಿದ್ದು 2010ರಲ್ಲಿ ಎದ್ದು ಸುತ್ತಲಿನ ಊರುಗಳನ್ನೇ ಖಾಲಿ ಮಾಡಿಸ್ತು.

ಈಗ ಆ ಫಾರ್ವರ್ಡ್ ವಿಷ್ಯಕ್ಕೆ ಬರೋಣ. ಟೋಬಾ ಬೂದಿ ಆಕಾಶ ಮುಚ್ಚಿ, ಭೂಮಿ ತಣ್ಣಗಾಗಿ, ಮನುಷ್ಯರು ಕೆಲವೇ ಸಾವಿರ ಉಳಿದ್ರು ಅನ್ನೋ ವಾದ 1990ರ ದಶಕದಲ್ಲಿ ತುಂಬಾ ಓಡ್ತು, ಇವತ್ತಿಗೂ ಯೂಟ್ಯೂಬಲ್ಲಿ ಓಡ್ತಿದೆ. ಇದಕ್ಕೆ ನಮ್ಮ ಕಡೆಯಿಂದಲೇ ಒಂದು ಒಳ್ಳೆ ಉತ್ತರ ಬಂದಿದೆ, ಅದು ನಮ್ಮವರಿಗೇ ಗೊತ್ತಿಲ್ಲ ಅನ್ನೋದು ನನ್ನ ಗೊಣಗಾಟ. ಬಳ್ಳಾರಿಯಿಂದ ಪೂರ್ವಕ್ಕೆ ಆಂಧ್ರದ ಕರ್ನೂಲು ಸೀಮೆಯಲ್ಲಿ ಜ್ವಾಲಾಪುರಂ ಅಂತ ಒಂದು ಹಳ್ಳಿ (ಹೆಸರು ನೋಡಿ, ನಾನೇನೂ ಕಟ್ಟಿದ್ದಲ್ಲ), ಅಲ್ಲಿ ಹೊಲದ ಕೆಳಗೆ ಟೋಬಾದ ಬೂದಿ ಆಳೆತ್ತರದ ಪದರವಾಗಿ ಬಿದ್ದಿದೆ, ಬೆಳ್ಳಗೆ ಮೈದಾ ಹಿಟ್ಟಿಗಿಂತ ನುಣ್ಣಗೆ. ಜನ ಅದನ್ನ ಅಗೆದು ಸಾಬೂನು ಪುಡಿ, ಪಾತ್ರೆ ತಿಕ್ಕೋ ಪುಡಿ ಮಾಡೋರಿಗೆ ಮಾರ್ತಿದ್ರು. ಎರಡೂವರೆ ಸಾವಿರ ಕಿಲೋಮೀಟರ್ ದೂರದ ಸುಮಾತ್ರದಿಂದ ಸಮುದ್ರ ದಾಟಿ ಬಂದ ಬೂದಿ ಯಾರದೋ ಬಚ್ಚಲುಮನೆ ಮುಂದೆ ತಪ್ಪಲೆ ಬೆಳಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞ ಮೈಕೇಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆದು ನೋಡಿದಾಗ ಬೂದಿ ಪದರದ ಕೆಳಗೂ ಕಲ್ಲಿನ ಆಯುಧ ಸಿಕ್ತು, ಮೇಲೂ ಸಿಕ್ತು, ಎರಡರ ಮಾಡುವ ರೀತಿಯಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ. 2007ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಂದ್ರೆ ಬೂದಿ ಬಿತ್ತು, ಜನ ಕಷ್ಟಪಟ್ರು, ಆದ್ರೆ ಹಂಗೇ ಬದುಕು ಮುಂದುವರಿಸಿರಬೇಕು. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ, ನನಗಂತೂ ಪಿಪಿಟಿಯಲ್ಲಿ ತೋರಿಸೋ ಮಹಾಪ್ರಳಯಕ್ಕಿಂತ ಆ ಕಲ್ಲಿನ ಚಕ್ಕೆಗಳ ಮೇಲೆ ನಂಬಿಕೆ ಜಾಸ್ತಿ. ಅಷ್ಟು ದೂರ ಯಾಕೆ, ಮಲೇಷ್ಯಾದ ಪೆರಾಕ್‌ನಲ್ಲಿ ಲೆಂಗ್ಗೊಂಗ್ ಕಣಿವೆ ಇದೆಯಲ್ಲ, ಇಪೋ ಕಡೆ ಡ್ರೈವ್ ಹೋಗೋರು ನೋಡಬಹುದು, ಅಲ್ಲೂ ಇದೇ ಬೂದಿ.

ಸರಿ, ಆಗಿದ್ದು ಆಯ್ತು. ಈಗ ಹೋದ್ರೆ ಅಲ್ಲಿ ಕಾಣೋ ಸಮಸ್ಯೆ ಸ್ಫೋಟದ್ದಲ್ಲ, ಬಟ್ಟಲಿನದ್ದು. ಸುತ್ತ ಕಡಿದಾದ ಗೋಡೆ, ಅದರಿಂದ ನೂರಾರು ಹಳ್ಳ ತೊರೆ ಒಳಗೆ ಇಳೀತವೆ, ಉತ್ತರದ ತುದಿಲಿ ಸಿಪಿಸೊ-ಪಿಸೊ ಜಲಪಾತವೇ 120 ಮೀಟರ್ ಧುಮುಕುತ್ತೆ, ಹೊರಗೆ ಹೋಗೋ ನದಿ ಮಾತ್ರ ಒಂದೇ ಒಂದು, ಪೊರ್ಸೆಯಾ ಹತ್ರ ಹುಟ್ಟೋ ಅಸಹಾನ್. ಒಳಗಿನ ನೀರು ಒಂದು ಸಲ ಪೂರ್ತಿ ಬದಲಾಗೋಕೆ 80 ವರ್ಷದಷ್ಟು ಬೇಕು ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಅಂದ್ರೆ ಇವತ್ತು ಅದಕ್ಕೆ ಬಿದ್ದ ಕೊಳೆ ನಮ್ಮ ಮೊಮ್ಮಕ್ಕಳು ಹೋದಾಗ್ಲೂ ಅಲ್ಲೇ ಎಲ್ಲೋ ಇರುತ್ತೆ. ಆ ಅಸಹಾನ್ ನದಿನೂ ಸುಮ್ನೆ ಹರಿಯೋಕೆ ಬಿಟ್ಟಿಲ್ಲ, ಸಿಗುರಾ-ಗುರಾ ಮತ್ತು ತಂಗ್ಗಾದಲ್ಲಿ ಕರೆಂಟ್ ತೆಗೆದು ಕರಾವಳಿಯ ಅಲ್ಯೂಮಿನಿಯಂ ಕಾರ್ಖಾನೆಗೆ ಕೊಡ್ತಾರೆ, ಎರಡೂ ಸೇರಿ 600 ಮೆಗಾವ್ಯಾಟ್ ಚಿಲ್ಲರೆ. ಶರಾವತಿ ಕಡೆಯವರಿಗೆ ಈ ಕಥೆ ಬಿಡಿಸಿ ಹೇಳೋದು ಬೇಕಿಲ್ಲ.

ಹಾರಂಗಾವೊಲ್ ಅಂತ ಒಂದು ದಡದ ಊರಿದೆ, ಮೇಲಿನ ರಸ್ತೆಯಿಂದ ನೋಡಿದ್ರೆ ನೀರಿನ ಮೇಲೆ ಚೌಕಾಬಾರ ಬರೆದಂಗೆ ಕಾಣುತ್ತೆ, ಹತ್ರ ಹೋದ್ರೆ ಅದು ಡ್ರಮ್‌ಗಳ ಮೇಲೆ ತೇಲೋ ಮೀನಿನ ಪಂಜರ. ಕೆಳಗೆ ಬಲೆ, ಮೇಲೆ ಓಡಾಡೋಕೆ ಹಲಗೆ, ಮೂಲೆಲಿ ಮೇವಿನ ಮೂಟೆ, ಒಬ್ಬ ಬೊಗಸೆ ತುಂಬಾ ಎರಚಿದ್ರೆ ನೀರು ಕುದಿಯೋಕೆ ಶುರು. ತಿಲಾಪಿಯಾ, ಕಾರ್ಪ್ ಸಾಕ್ತಾರೆ, ಸಾವಿರಾರು ಮನೆಗಳ ಹೊಟ್ಟೆ ನಡೀತಿರೋದು ಇದರಿಂದ, ದೊಡ್ಡ ಕಂಪನಿಗಳೂ ಇವೆ. ಆದ್ರೆ ತಿಂದು ಉಳಿದ ಮೇವು, ಮೀನಿನ ಹಿಕ್ಕೆ ಎಲ್ಲ ತಳಕ್ಕೆ ಹೋಗಿ ಕೊಳೆಯುತ್ತೆ, ಕೊಳೆಯೋಕೆ ಆಮ್ಲಜನಕ ಬೇಕು, ಅದು ತಳದ ನೀರಲ್ಲಿ ಮುಗಿದುಹೋಗುತ್ತೆ, ಹಂಗೇ ಇದ್ದಾಗ ಜೋರು ಗಾಳಿ ಬೀಸಿಯೋ ಹವೆ ಬದಲಾಗಿಯೋ ತಳದ ನೀರು ಮೇಲೆ ಬಂತು ಅಂದ್ರೆ ಪಂಜರದೊಳಗಿನ ಮೀನು ಓಡಿಹೋಗೋಕೆ ಜಾಗ ಇಲ್ದೆ ಉಸಿರುಗಟ್ಟಿ ಸಾಯ್ತವೆ. 2016ರ ಮೇ ತಿಂಗಳಲ್ಲಿ ಹಾರಂಗಾವೊಲ್‌ನಲ್ಲೇ ಹೀಗೆ ಸಾವಿರ ಟನ್‌ಗಿಂತ ಜಾಸ್ತಿ ಸತ್ತವು, 2018ರಲ್ಲಿ ಸಮೋಸಿರ್ ಪಕ್ಕದಲ್ಲಿ ಮತ್ತೆ. ಪ್ರಾಂತ್ಯ ಸರ್ಕಾರ 2017ರಲ್ಲಿ ವರ್ಷಕ್ಕೆ 10,000 ಟನ್ ದಾಟಬಾರದು ಅಂತ ಮಿತಿ ಹಾಕಿತ್ತು, ಬೆಳೀತಿದ್ದದ್ದು ಅದಕ್ಕಿಂತ ಎಷ್ಟೋ ಪಟ್ಟು. ನಿಲ್ಸಿ ಅನ್ನೋದು ಟೂರಿಸ್ಟ್ ಆಗಿ ಹೋಗೋ ನಮಗೆ ಸುಲಭ, ಆ ಮೇವಿನ ಸಾಲ ಹೊತ್ತಿರೋನಿಗೆ ಅಲ್ಲ. ದಡದ ಕಡೆ ವಾಟರ್ ಹಯಾಸಿಂತ್, ನಮ್ಮ ಊರಿನ ಕೆರೆಗಳಲ್ಲೂ ಹಬ್ಬುತ್ತಲ್ಲ ಅದೇ, ಇಲ್ಲೂ ಕಾಣುತ್ತೆ. ಬೆಳ್ಳಂದೂರಿನವರು ನೊರೆ ಎಲ್ಲಿ ಅಂತ ಹುಡುಕಬೇಡಿ, ಆ ಲೆವೆಲ್‌ಗೆ ಹೋಗಿಲ್ಲ.

ಇನ್ನು ಸುತ್ತಲಿನ ಗುಡ್ಡ. 900 ಮೀಟರ್ ಎತ್ತರ ಇರೋದ್ರಿಂದ ಹವೆ ಚಿಕ್ಕಮಗಳೂರು ಥರ, ಕಾಫಿ ಬೆಳೀತಾರೆ, ಭತ್ತ ಬೆಳೀತಾರೆ. ಇಲ್ಲಿನ ಮೂಲದವರಾದ ಬತಕ್ ಜನರ ಅರ್ಸಿಕ್ ಅನ್ನೋ ಮೀನಿನ ಅಡುಗೆಗೆ ಅಂದಲಿಮನ್ ಅನ್ನೋ ಕಾಳು ಹಾಕ್ತಾರೆ, ನಾಲಿಗೆಗೆ ಇಟ್ರೆ ಜುಮ್ ಅನ್ನುತ್ತೆ. ಕರಾವಳಿಯವರು ತಕ್ಷಣ ಕಂಡುಹಿಡೀತಾರೆ, ನಮ್ಮ ಜುಮ್ಮನಕಾಯಿಯ ಹತ್ತಿರದ ನೆಂಟ ಅದು. ಆದ್ರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾಂಬ್ರಾಣಿ. ಅಲ್ಲಿನ ಕಾಡಲ್ಲಿ ಕೆಮೆನ್ಯನ್ ಅಂತ ಮರ, ತೊಗಟೆಗೆ ಉಳಿಯಲ್ಲಿ ಸಣ್ಣ ಗಾಯ ಮಾಡಿ ಬಿಟ್ಟು ತಿಂಗಳುಗಟ್ಟಲೆ ಕಾಯ್ತಾರೆ, ಒಸರಿದ ಅಂಟು ಗಟ್ಟಿಯಾಗಿ ಬೆಳ್ಳಗಾದಾಗ ಕಿತ್ತುಕೊಳ್ತಾರೆ. ಬಾಣಂತಿ ಕೋಣೆಯಲ್ಲಿ ಕೆಂಡದ ಮೇಲೆ ಉದುರಿಸ್ತಿದ್ದ ಸಾಂಬ್ರಾಣಿ, ಲೋಬಾನ ಅಂತ ಅಂಗಡಿಲಿ ಸಿಗೋದರಲ್ಲಿ ಒಂದು ದೊಡ್ಡ ಪಾಲು ಹಿಂದಿನಿಂದಲೂ ಸುಮಾತ್ರದ ಸರಕು. ಈ ಮರ ಬೇರೆ ಮರಗಳ ನೆರಳಿದ್ರೇ ಚೆನ್ನಾಗಿ ಬರುತ್ತೆ, ಕಾಡು ಕಡಿದು ಕಾಗದದ ತಿರುಳಿಗೆ ನೀಲಗಿರಿ ತೋಪು ಹಾಕಿದ್ರೆ ಕಥೆ ಮುಗೀತು. ನೀಲಗಿರಿ ಅಂದ್ರೆ ಏನು ಅಂತ ಕೋಲಾರದವರನ್ನ ಕೇಳಿ! ಪಂಡುಮಾನ್ ಮತ್ತು ಸಿಪಿತುಹುತಾ ಅನ್ನೋ ಹಳ್ಳಿಯವರು, ಮುಂದೆ ನಿಂತಿದ್ದು ಹೆಂಗಸರು, ವರ್ಷಗಟ್ಟಲೆ ಹೋರಾಡಿ 2016ರ ಕೊನೆಗೆ ತಮ್ಮ ಸಾಂಬ್ರಾಣಿ ಕಾಡಿಗೆ ದೇಶದ ಅಧ್ಯಕ್ಷರಿಂದಲೇ ಮಾನ್ಯತೆ ಪಡೆದ್ರು. ಗುಡ್ಡದ ಮೇಲೆ ಕಾಡು ಉಳಿದ್ರೆ ಕೆಳಗೆ ಮಣ್ಣು ಕೊಚ್ಚಿ ಬಂದು ಸರೋವರಕ್ಕೆ ಬೀಳಲ್ಲ, ಹಂಗಾಗಿ ಇದೂ ಆ ಬಟ್ಟಲಿನದ್ದೇ ವಿಷ್ಯ.

ಟೋಬಾಗೆ 2020ರಲ್ಲಿ ಯುನೆಸ್ಕೋ ಜಿಯೋಪಾರ್ಕ್ ಪಟ್ಟ ಸಿಕ್ತು, 2023ರಲ್ಲಿ ನೀವು ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಹಳದಿ ಕಾರ್ಡ್ ತೋರಿಸಿದ್ರು, ಓಡಾಡಿ ರಿಪೇರಿ ಮಾಡಿ 2025ರಲ್ಲಿ ಹಸಿರು ಕಾರ್ಡ್ ವಾಪಸ್ ತಗೊಂಡಿದ್ದಾರೆ. ಬೋರ್ಡು, ಮ್ಯೂಸಿಯಂ, ಗೈಡ್‌ಗಳ ಟ್ರೈನಿಂಗ್ ಎಲ್ಲ ಮೊದಲಿಗಿಂತ ಚೆನ್ನಾಗಿದೆ ಅಂತಾರೆ, ಪಂಜರದ ಲೆಕ್ಕ ಹೇಗೆ ಅಂತ ಗೈಡ್‌ನ ನೀವೇ ಕೇಳಿ.

ಹೊರಡೋರಿಗೆ ಒಂದೇ ಮಾತು, ಇದು ಸಂಪಾದಕನಾಗಿ ಅಲ್ಲ, ಅಣ್ಣನಾಗಿ ಹೇಳ್ತಿರೋದು. ಮೆಡಾನ್‌ನಿಂದ ಪರಾಪತ್‌ಗೆ ಇಳಿದು ದೋಣಿಲಿ ಸಮೋಸಿರ್‌ಗೆ ದಾಟೋವಾಗ ನೀರು ಕನ್ನಡಿ ಥರ ಇದೆ ಅಂತ ನಂಬಬೇಡಿ, ಮಧ್ಯಾಹ್ನದ ಮೇಲೆ ಗಾಳಿ ಎದ್ರೆ ಅಲೆ ಸಮುದ್ರದ್ದೇ. 2018ರ ಜೂನ್ 18ಕ್ಕೆ ಸಿನಾರ್ ಬಂಗುನ್ ಅನ್ನೋ ಫೆರ್ರಿ ಲಿಮಿಟ್‌ಗಿಂತ ಎಷ್ಟೋ ಪಟ್ಟು ಜನ, ಬೈಕು ಎಲ್ಲ ತುಂಬ್ಕೊಂಡು ಹೋಗಿ ಮುಳುಗ್ತು, ಯಾರ್ಯಾರು ಹತ್ತಿದ್ರು ಅನ್ನೋ ಪಟ್ಟಿಯೇ ಇರಲಿಲ್ಲ. ಹಡಗು ಸಿಕ್ಕಿದ್ದು 450 ಮೀಟರ್ ಆಳದಲ್ಲಿ, ಮೇಲೆತ್ತೋಕೆ ಆಗ್ಲಿಲ್ಲ, ನೂರೈವತ್ತಕ್ಕೂ ಹೆಚ್ಚು ಜನ ಇನ್ನೂ ಅಲ್ಲೇ ಇದ್ದಾರೆ. ಲೈಫ್ ಜಾಕೆಟ್ ತಲೆಗೊಂದು ಇದೆಯಾ ಅಂತ ಎಣಿಸಿ, ಇಲ್ಲ ಅಂದ್ರೆ ಮುಂದಿನ ದೋಣಿಗೆ ಕಾಯಿರಿ, ಮಕ್ಕಳು ಬೋರ್ ಅಂದ್ರೂ ಪರವಾಗಿಲ್ಲ. ಹೋಗಿ ಬಂದು ಒಂದೆರಡು ಪುಟ ಬರೆದು ಕಳ್ಸಿ, ಸೆಲ್ಫಿ ಬಿಟ್ಟು ಬೇರೆ ಫೋಟೋ ಇದ್ರೆ ಅದನ್ನೂ.