ಮಗಳ ಹನ್ನೆರಡು ತಿಂಗಳ ಔಷಧ ಮುಗಿದ ಈ ಹೊತ್ತಿನಲ್ಲಿ

ಮೆದುಳಿನ ಪೊರೆಗೆ ತಗುಲಿದ ಕ್ಷಯಕ್ಕಾಗಿ ನಮ್ಮ ಮಗಳು ಹನ್ನೆರಡು ತಿಂಗಳಿನಿಂದ ಸೇವಿಸುತ್ತಿದ್ದ ಔಷಧದ ಕೊನೆಯ ಮಾತ್ರೆಯನ್ನು ಕಳೆದ ಸೋಮವಾರ ಬೆಳಿಗ್ಗೆ ನೀರಿನಲ್ಲಿ ಕರಗಿಸಿ ಕುಡಿಸಿದೆವು. ಅವಳಿಗೆ ಈಗ ಐದು ವರ್ಷ. ಅವಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಹಲವರ ಹೆಸರೂ ನಮಗೆ ತಿಳಿಯದು. ಅವರಿಗೆ ತಲುಪಲೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೂರು ವಾರ ಬಿಡದೆ ಬಂದ ಜ್ವರವನ್ನೂ ಬೆಳಗಿನ ವಾಂತಿಯನ್ನೂ ಮೊದಲು ತೋರಿಸಿದ ಕಡೆ ಟೈಫಾಯ್ಡ್ ಎಂದರು, ನಾವೂ ನಂಬಿದೆವು. ಅದೇ ಮನೆಯಲ್ಲಿ ಅವಳ ಅಜ್ಜ ಎರಡು ತಿಂಗಳಿನಿಂದ ಕೆಮ್ಮುತ್ತಿದ್ದುದನ್ನು ಹೇಳಬೇಕೆಂದು ನಮಗೆ ತೋಚಲಿಲ್ಲ. ಮನೆಯಲ್ಲಿ ಯಾರಿಗಾದರೂ ಕೆಮ್ಮಿದೆಯೇ ಎಂದು ಮೊದಲು ಕೇಳಿದವರು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯೆ. ಕರೆದರೆ ಮಾತ್ರ ಕಣ್ಣು ತೆರೆಯುತ್ತಿದ್ದ ಮಗುವನ್ನು ಅಂದೇ ರಾತ್ರಿ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳುಹಿಸಿದ ಅವರಿಗೆ ನಮ್ಮ ಮೊದಲ ನಮಸ್ಕಾರ.

ಬೆಂಗಳೂರಿನಲ್ಲಿ ಕಿರಿಯ ವೈದ್ಯರೊಬ್ಬರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಅರ್ಧ ಗಂಟೆ ವಿವರಿಸಿದರು. ಮೆದುಳಿನೊಳಗಿನ ಕೋಣೆಗಳಲ್ಲಿ ನೀರು ಹಗಲಿರುಳೂ ಒಸರುತ್ತಲೇ ಇರುತ್ತದೆ, ಹೊರಗೆ ಹರಿದು ರಕ್ತಕ್ಕೆ ಸೇರುತ್ತದೆ. ಕ್ಷಯದಿಂದ ಉಂಟಾದ ಅಂಟು ದ್ರವ ಮೆದುಳಿನ ಬುಡದಲ್ಲಿ ಗಟ್ಟಿಯಾದಾಗ ಆ ದಾರಿ ಮುಚ್ಚಿ, ಕೋಣೆಗಳು ಉಬ್ಬಿ ಮೆದುಳನ್ನು ಒತ್ತುತ್ತವೆ. ನಮ್ಮದು ಕೆರೆಯ ಕೆಳಗಿನ ಊರು. ತೂಬು ಕಟ್ಟಿಕೊಂಡರೆ ಏನಾಗುತ್ತದೆಂದು ನಮಗೆ ಬೇರೆ ಹೇಳಬೇಕಿರಲಿಲ್ಲ. ನೀರು ಕೋಣೆಗಳಿಂದ ಹೊರಬರಲಾಗದಿರುವುದು ಒಂದು ಬಗೆ, ಹೊರಬಂದ ಮೇಲೆ ಇಂಗದಿರುವುದು ಇನ್ನೊಂದು. ಎರಡನೆಯದೇ ಹೆಚ್ಚಾಗಿ ಕಾಣುವುದು, ಅದಕ್ಕೆ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗದೆಯೂ ಇರಬಹುದು ಎಂದರು. ನಮ್ಮ ಮಗಳದೂ ಅದೇ ಬಗೆಯಾಗಿದ್ದುದರಿಂದ ಕ್ಷಯದ ನಾಲ್ಕು ಔಷಧಗಳು ಮತ್ತು ಸ್ಟೀರಾಯ್ಡ್ ಜೊತೆಗೆ ನೀರಿನ ಉತ್ಪತ್ತಿಯನ್ನು ತಗ್ಗಿಸಲು ಅಸಿಟಜೋಲಮೈಡ್ ಮತ್ತು ಫ್ಯೂರೋಸಮೈಡ್ ಕೊಟ್ಟರು, ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆದರು. ಈ ಎರಡು ಔಷಧಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಆಮ್ಲದ ಅಂಶ ಏರಬಹುದು ಎಂಬ ಎಚ್ಚರದಿಂದ ಪದೇ ಪದೇ ರಕ್ತ ಪರೀಕ್ಷಿಸಿ, ಕುಡಿದದ್ದನ್ನೂ ಮೂತ್ರವನ್ನೂ ಅಳೆದಳೆದು ಬರೆದಿಟ್ಟ ಸಿಸ್ಟರ್‌ಗಳ ಆ ರಾತ್ರಿಗಳ ಶ್ರಮಕ್ಕೆ ಸಮನಾದ ಮಾತು ನನ್ನಲ್ಲಿಲ್ಲ.

ಒಂಬತ್ತನೆಯ ದಿನ ಮಂಪರು ಹೆಚ್ಚಿತು, ಮತ್ತೊಂದು ಸ್ಕ್ಯಾನ್‌ನಲ್ಲಿ ಕೋಣೆಗಳು ಇನ್ನಷ್ಟು ಹಿಗ್ಗಿದ್ದವು. ವೆಲ್ಲೂರಿನ ವೈದ್ಯರು 1991ರಲ್ಲಿ ಪ್ರಕಟಿಸಿದ, ಕಾಯಿಲೆಯ ತೀವ್ರತೆಯನ್ನು ಅಳೆಯುವ ನಾಲ್ಕು ಹಂತಗಳ ಅಳತೆಯನ್ನು ಹೇಳಿ, ಮಗು ಮೂರನೆಯದರಲ್ಲಿದೆ, ನಾಲ್ಕಕ್ಕೆ ಜಾರುವ ಮೊದಲೇ ಶಂಟ್ ಹಾಕೋಣ ಎಂದು ನಿರ್ಧರಿಸಿದ ಶಸ್ತ್ರಚಿಕಿತ್ಸಕರು, ತಲೆಯಿಂದ ಚರ್ಮದಡಿಯಲ್ಲೇ ಹಾದು ಹೊಟ್ಟೆಗೆ ಇಳಿಯುವ ಆ ಕೊಳವೆ ನೀರಿಗೆ ದಾರಿ ಮಾಡುತ್ತದೆಯೇ ಹೊರತು ಕ್ಷಯವನ್ನು ವಾಸಿಮಾಡುವುದಿಲ್ಲ, ರಕ್ತನಾಳಗಳಿಗೆ ಈಗಾಗಲೇ ಬಿದ್ದಿರುವ ಪೆಟ್ಟು ಉಳಿದುಬಿಡಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಅವರ ಕೈಚಳಕಕ್ಕಿಂತ ಆ ನೇರ ಮಾತಿಗೆ ನಾನು ಹೆಚ್ಚು ಋಣಿ. ಮಗಳ ಎಡಗೈ ಇಂದಿಗೂ ದುರ್ಬಲವಾಗಿಯೇ ಇದ್ದರೂ ನಾವು ಎದೆಗುಂದದೆ ವ್ಯಾಯಾಮ ಮಾಡಿಸುತ್ತಿರುವುದು ಅದರಿಂದಲೇ. ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ಅವಳು "ಅಜ್ಜಿ ಎಲ್ಲಿ?" ಎಂದು ಕೇಳಿದಾಗ ವಾರ್ಡಿನ ಆಯಾ ಅಮ್ಮನೂ ನಮ್ಮೊಂದಿಗೆ ಅತ್ತರು.

ಊರಿಗೆ ಮರಳಿದ ಮೇಲೆ ಮಾತ್ರೆ ಒಂದು ದಿನವೂ ತಪ್ಪದಂತೆ ನೋಡಿಕೊಂಡವರು ಆಶಾ ಕಾರ್ಯಕರ್ತೆ ಅಕ್ಕ. ಅಜ್ಜನ ಕಫ ಪರೀಕ್ಷೆ ಮಾಡಿಸಿ ಚಿಕಿತ್ಸೆಗೆ ಸೇರಿಸಿದವರೂ, ಎರಡು ವರ್ಷದ ನಮ್ಮ ಮಗನಿಗೆ ಕ್ಷಯ ಬಾರದಂತೆ ತಡೆಯುವ ಔಷಧವನ್ನು ಕೊಡಿಸಿದವರೂ ಅವರೇ.

ಕೊನೆಯದಾಗಿ, ಬಿಡುಗಡೆಯ ದಿನ ಒಂದು ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲೇ ಬರೆದುಕೊಟ್ಟ ಸಿಸ್ಟರ್‌ಗೆ: ಜ್ವರ, ವಾಂತಿ, ತಲೆನೋವು, ಮಂಪರು, ಕೊಳವೆಯ ಹಾದಿಯಲ್ಲಿ ಕೆಂಪು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ ಎಂದು ನೀವು ಬರೆದಿದ್ದಿರಿ. ಏಳನೆಯ ತಿಂಗಳ ಒಂದು ರಾತ್ರಿ ವಾಂತಿ ಶುರುವಾದಾಗ ನಾವು ಕಾಯದೆ ಹೊರಟೆವು. ಕಟ್ಟಿಕೊಂಡಿದ್ದ ಶಂಟ್ ಅನ್ನು ಮರುದಿನವೇ ಸರಿಪಡಿಸಿದರು. ಮಾತ್ರೆ ಮುಗಿದರೂ ಕೊಳವೆ ಅವಳ ಜೊತೆಗೇ ಇರುತ್ತದೆ. ನಿಮ್ಮ ಹಾಳೆ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ, ಜೂನ್‌ನಲ್ಲಿ ಅವಳು ಸೇರಲಿರುವ ಶಾಲೆಯ ಮೇಷ್ಟ್ರಿಗೂ ಅದರ ಒಂದು ಪ್ರತಿಯನ್ನು ಕೊಟ್ಟು ಬಂದಿದ್ದೇವೆ.