ಮಳೆಗೆ ಕರಗುವ ಗೋಡೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನ ತಾಯಿ ಬರೆದಿರುತ್ತಾಳೆ. ನಿನ್ನ ಪತ್ರದ ಒಂದು ಸಾಲು ಮಾತ್ರ ಎರಡು ರಾತ್ರಿ ನನಗೆ ನಿದ್ದೆಗೊಡಲಿಲ್ಲ. "ನಾನು ಮೆತ್ತಿದ ಗೋಡೆ ಒಂದೇ ಮಳೆಗೆ ಕರಗಿಹೋದರೆ ನಾನಿಲ್ಲಿ ಮಾಡಿದ್ದಾದರೂ ಏನು?" ಎಂದು ಕೇಳಿದ್ದೀ.

ನೀನಿರುವ ಮೊರಾಕ್ಕೊದ ಐತ್ ಬೆನ್‌ಹದ್ದುವನ್ನೇ ನೋಡು. ಸಹಾರಾದಿಂದ ಮರಾಕೇಶಿಗೆ ಹೋಗುವ ವರ್ತಕರ ಸಾರ್ಥಗಳ ದಾರಿಯಲ್ಲಿ, ಔನಿಲಾ ಕಣಿವೆಯ ಗುಡ್ಡಕ್ಕೆ ಒರಗಿ ನಿಂತ ಆ ಕೋಟೆಯೂರಿನ ಕಟ್ಟಡಗಳು 17ನೆಯ ಶತಮಾನಕ್ಕಿಂತ ಹಿಂದಿನವಾಗಿ ತೋರುವುದಿಲ್ಲವೆಂದೂ, ಕಟ್ಟುವ ಬಗೆ ಮಾತ್ರ ಬಹಳ ಪ್ರಾಚೀನವೆಂದೂ ಬಲ್ಲವರು ಹೇಳುತ್ತಾರೆ. ಕೆಳಗೆ ಹಲಗೆಗಳ ನಡುವೆ ಮಣ್ಣು ಸುರಿದು ದಮ್ಮಸು ಹಾಕಿದ ದಪ್ಪ ಗೋಡೆ, ಮೇಲೆ ಹಸಿ ಇಟ್ಟಿಗೆಯ ಚಿತ್ತಾರವಿರುವ ಹಗುರ ಗೋಪುರ, ಗುಡ್ಡದ ನೆತ್ತಿಯಲ್ಲಿ ಊರವರ ಧಾನ್ಯ ಕಾಯುತ್ತಿದ್ದ ಕಣಜ: ಇವೆಲ್ಲವೂ ಕರಗುತ್ತ, ಮತ್ತೆ ಮೆತ್ತಿಸಿಕೊಳ್ಳುತ್ತಲೇ ಉಳಿದಿವೆ. ಕರಗುವುದೆಂದು ಗೊತ್ತಿದ್ದವರೇ ಅವನ್ನು ಕಟ್ಟಿದ್ದು.

ಮಣ್ಣಿನ ಚಾವಣಿಯ ನಮ್ಮ ಮಾಳಿಗೆಮನೆ ಬಿದ್ದದ್ದು ನಿನಗೆ ಗೊತ್ತು. ನಾನು ಯಾರಿಗೂ ಹೇಳದಿದ್ದ ಮಾತೊಂದಿದೆ. ಅಪ್ಪ ಪ್ರತಿ ಬೇಸಿಗೆಯ ಕೊನೆಗೆ ಮಾಳಿಗೆಗೆ ನೀರಿಳಿಯದಂತೆ ಕರಲು ಮಣ್ಣು ಹಾಕಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ, ಹಣ ಉಳಿಯಲಿ ಎಂದು ಎರಡು ವರ್ಷ ನಾನದನ್ನು ಬಿಟ್ಟೆ. ಮೂರನೆಯ ಮಳೆಗಾಲದಲ್ಲಿ ಪಡಸಾಲೆಯ ಗೋಡೆ ಕುಸಿಯಿತು. ಮಳೆ ಬಹಳ ಜೋರಾಗಿತ್ತೆಂದು ಎಲ್ಲರಿಗೂ ಹೇಳಿದೆ. ಅದು ಅಷ್ಟೇನೂ ಜೋರಾಗಿರಲಿಲ್ಲ.

ಆದ್ದರಿಂದಲೇ, 1987ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಊರಿನಲ್ಲಿ ಈಗ ಕೆಲವೇ ಮನೆತನಗಳು ಉಳಿದು, ಮಿಕ್ಕವರೆಲ್ಲ ಹೊಳೆಯಾಚೆಯ ಹೊಸ ಊರಿಗೆ ಹೋದರೆಂದು ಓದಿದಾಗ, ನನಗೆ ಮಳೆಗಿಂತ ಬೀಗ ಬಿದ್ದ ಆ ಬಾಗಿಲುಗಳ ಚಿಂತೆಯೇ ಹೆಚ್ಚಾಯಿತು. ನಿನ್ನ ಗೋಡೆ ಕರಗಲಿ, ತಾಯಿ. ಮರುವರ್ಷ ಅದಕ್ಕೆ ಮಣ್ಣು ಕಲೆಸುವವರು ಇದ್ದರೆ ಸಾಕು. ಪಕ್ಕದಲ್ಲಿ ನಿಂತು ನೋಡುವ ಅಲ್ಲಿನ ಹುಡುಗನೊಬ್ಬನಿಗೆ ಮಣ್ಣಿನ ಹದ ಕಲಿಸಲಾದೀತೇ?

ನಿನ್ನ ಓದಿನ ಮುಂದೆ ನನ್ನ ತಿಳಿವಳಿಕೆ ಎಷ್ಟರದು, ತಪ್ಪಿದ್ದರೆ ಬಿಟ್ಟುಬಿಡು. ಗೋಡೆಗಿಂತ ಮೊದಲು ಮಾಳಿಗೆಯನ್ನು ನೋಡು. ಸಿಮೆಂಟು ಮೆತ್ತೋಣ ಎಂದವರಿಗೆ ಒಪ್ಪಬೇಡ, ಒಳಗಿನ ತೇವ ಹೊರಬರಲಾಗದೆ ಮಣ್ಣು ಸಡಿಲವಾಗುತ್ತದೆ. 2023ರ ಸೆಪ್ಟೆಂಬರ್ 8ರ ಭೂಕಂಪಕ್ಕೆ ಅಲ್ಲಿಯೂ ಗೋಡೆಗಳು ಬಿರಿದಿದ್ದವು. ಬಿರುಕಿನ ಕೆಳಗೆ ಊಟಕ್ಕೆ ಕೂರಬೇಡ.

ನಿನ್ನ ಗೋಡೆ ಕರಗಿದ ದಿನ ನನಗೆ ಬರೆ. ನೀರು ಯಾವ ಮೂಲೆಯಿಂದ ಇಳಿಯಿತು ಎಂಬುದನ್ನೂ ಬರೆ. ನಮ್ಮ ಪಡಸಾಲೆಗೆ ಅದು ಎಲ್ಲಿಂದ ಇಳಿಯಿತೆಂದು ನಾನು ಹತ್ತಿ ನೋಡಲೂ ಇಲ್ಲ.

ನಿನ್ನ ದೊಡ್ಡಪ್ಪ