ಸ್ವಿಚ್‌ಗಳಲ್ಲಿ ಕಂಟೇನರ್ ನಡೆಸುವವರ ಗಮನಕ್ಕೆ

ಮಾನ್ಯ ಸದಸ್ಯರೇ,

ಸಿಸ್ಕೋ ಕ್ಯಾಟಲಿಸ್ಟ್ 9300 ಸ್ವಿಚ್‌ಗಳಲ್ಲಿ ಡಾಕರ್ ಕಂಟೇನರ್ (ಆ್ಯಪ್ ಮತ್ತು ಅದಕ್ಕೆ ಬೇಕಾದುದನ್ನೆಲ್ಲ ಒಟ್ಟುಗೂಡಿಸಿದ ಪೊಟ್ಟಣ) ಅಳವಡಿಸುವವರು, ಸ್ವಿಚ್‌ನಲ್ಲಿ ಆ್ಯಪ್‌ಗಳನ್ನು ನಡೆಸುವ ಐಒಎಕ್ಸ್ ಸೇವೆ ಚಾಲನೆಯಲ್ಲಿರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕೆಂದು ವಿನಂತಿ. ಸಿಸ್ಕೋದ ಡಿಜಿಟಲ್ ಸಹಿಯಿಲ್ಲದ ಆ್ಯಪ್‌ಗಳಿಗೆ ಸ್ವಿಚ್‌ನ ಒಳಗಿನ ಫ್ಲ್ಯಾಶ್ ಸಂಗ್ರಹ ಸಲ್ಲದು. ಹಿಂಬದಿಯ ಯುಎಸ್‌ಬಿ 3.0 ಪೋರ್ಟ್‌ಗೆ ಜೋಡಿಸುವ ಎಸ್‌ಎಸ್‌ಡಿ ಬೇಕು. ಇಮೇಜನ್ನು (ಕಂಟೇನರ್‌ನ ಮೂಲ ಕಡತವನ್ನು) ಎಕ್ಸ್86 ಪ್ರೊಸೆಸರ್‌ಗೆಂದೇ ಸಿದ್ಧಪಡಿಸಿರಿ.

ಹೆಚ್ಚಿನವರು ಎಡವುವುದು ನೆಟ್‌ವರ್ಕ್ ಜೋಡಣೆಯಲ್ಲಿ. ಕಂಟೇನರ್ ಓಡುತ್ತಿದೆ ಎಂದು ಸ್ವಿಚ್ ತೋರಿಸುತ್ತಿದ್ದರೂ ಹೊರಗಿನಿಂದ ಅದನ್ನು ತಲುಪಲಾಗದಿದ್ದರೆ, ಸ್ವಿಚ್‌ನೊಳಗಿನ ಆ್ಯಪ್‌ಗಿಗಾಬಿಟ್‌ಈಥರ್ನೆಟ್ ಪೋರ್ಟನ್ನು (ಕಂಟೇನರನ್ನು ನೆಟ್‌ವರ್ಕ್‌ಗೆ ಜೋಡಿಸುವ ಆಂತರಿಕ ಪೋರ್ಟನ್ನು) ಟ್ರಂಕ್ (ಹಲವು ವಿಎಲ್ಎಎನ್‌ಗಳನ್ನು, ಅಂದರೆ ನೆಟ್‌ವರ್ಕಿನ ಪ್ರತ್ಯೇಕ ವಿಭಾಗಗಳನ್ನು, ಸಾಗಿಸುವ ಪೋರ್ಟ್) ಆಗಿಸಿ ಅಗತ್ಯವಾದ ವಿಎಲ್ಎಎನ್‌ಗೆ ಅನುಮತಿ ನೀಡಲಾಗಿದೆಯೇ, ಕಂಟೇನರಿನ ಐಪಿ ವಿಳಾಸ ಅದೇ ವಿಎಲ್ಎಎನ್‌ಗೆ ಸೇರಿದೆಯೇ ಎಂಬುದನ್ನು ದಯವಿಟ್ಟು ಎಲ್ಲಕ್ಕಿಂತ ಮೊದಲು ಪರಿಶೀಲಿಸಿರಿ. ವಿಳಾಸವನ್ನಾಗಲಿ ಮೆಮೊರಿ ಮಿತಿಯನ್ನಾಗಲಿ ಬದಲಿಸಬೇಕಾದರೆ ಆ್ಯಪನ್ನು ನಿಲ್ಲಿಸಿದರಷ್ಟೇ ಸಾಲದು, ನಿಷ್ಕ್ರಿಯಗೊಳಿಸಿ ಮತ್ತೆ ಸಕ್ರಿಯಗೊಳಿಸಬೇಕಾಗುತ್ತದೆ. ಸ್ವಿಚ್‌ನ ಮೂಲ ಕೆಲಸ ಪ್ಯಾಕೆಟ್ ಸಾಗಣೆಯಾದ್ದರಿಂದ, ಭಾರವಾದ ಡೇಟಾಬೇಸ್‌ಗಳನ್ನು ಅದರ ಮೇಲೆ ಹೇರಬಾರದೆಂಬುದು ನನ್ನ ಖಚಿತ ಅಭಿಪ್ರಾಯ.